ಸೆಕೆಂಡ್ ಹಾಫ್ ತೋರಿಸಿದವರಿಗೆ

ಮೊನ್ನೆ ಸೋಮವಾರ ಅಂಗಡಿಯ ಶಟರ್ ನಾನೇ ಎತ್ತಿದೆ. ಐದು ತಿಂಗಳಾದ ಮೇಲೆ. ಎಡಗೈಯಲ್ಲಿ ಕೋಲು, ಬಲಗೈಯಲ್ಲಿ ಶಟರ್. ಅರ್ಧಕ್ಕೆ ಬಂದು ಗಕ್ಕನೆ ನಿಂತಿತು. ಪಕ್ಕದ ಸೈಕಲ್ ಅಂಗಡಿ ಕಾಕಾ ಪಂಪು ಬಿಟ್ಟು ಓಡಿ ಬಂದು ಉಳಿದ ಅರ್ಧ ಎತ್ತಿದರು. ಹಾಗಾಗಿ ‘ನಾನೇ ಎತ್ತಿದೆ’ ಅನ್ನುವುದರಲ್ಲಿ ಅರ್ಧ ಸುಳ್ಳಿದೆ. ಈ ಐದು ತಿಂಗಳಲ್ಲಿ ನಾನು ಮಾಡಿದ್ದೆಲ್ಲ ಹೀಗೇ, ಅರ್ಧ ನನ್ನದು, ಅರ್ಧ ಬೇರೆಯವರದು. ಆ ಅರ್ಧದವರಿಗೆಲ್ಲ ಎದುರಿಗೆ ನಿಂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಮೇ ತಿಂಗಳಲ್ಲಿ ಒಂದು ಮದುವೆಯ ಫ್ಲೆಕ್ಸ್ ಕಟ್ಟಲು ಏಣಿ ಹತ್ತಿದ್ದೆ. ಏಣಿ ನನ್ನದೇ, ಅವಸರವೂ ನನ್ನದೇ. ಬಿದ್ದೆ. ತೊಡೆಯ ಎಲುಬು ಮುರಿಯಿತು. ಹುಬ್ಬಳ್ಳಿಗೆ ಒಯ್ದು ರಾಡ್ ಹಾಕಿಸಿದರು. ವಧು-ವರರ ಫ್ಲೆಕ್ಸ್ ಮಾತ್ರ ಒಂದೇ ಹಗ್ಗದ ಮೇಲೆ ಮದುವೆ ಮುಗಿಯುವ ತನಕ ನೇತಾಡುತ್ತಿತ್ತಂತೆ. ಆ ಮನೆಯವರು ದುಡ್ಡು ಪೂರ್ತಿ ಕಳಿಸಿದ್ದಾರೆ. ಅವರಿಗೆ ಮೊದಲ ನಮಸ್ಕಾರ.

ಆಮೇಲೆ ಎರಡು ತಿಂಗಳು ಮಂಚ, ಒಂದು ಕಿಟಕಿ, ಮೇಲೊಂದು ಫ್ಯಾನ್. ನನ್ನ ಮಗಳು ಒಂಬತ್ತನೇ ಕ್ಲಾಸು. ಒಂದು ಮಧ್ಯಾಹ್ನ ಟೈಂಪಾಸಿಗೆ ಅಂತ ಕೇಳಿದಳು, ‘ಪಪ್ಪಾ, ನಿನ್ನ ಫೇವರಿಟ್ ವರ್ಷ ಯಾವ್ದು?’

ಯೋಚನೆಯನ್ನೇ ಮಾಡಲಿಲ್ಲ. ‘2007’ ಅಂದೆ.

‘ನಾ ಹುಟ್ಟಿದ ವರ್ಷ ಅಲ್ಲೇನು?’ ಅಂತ ಅವಳು ಮುಖ ಊದಿಸಿದಳು. ಅಡುಗೆಮನೆಯಿಂದ ಇನ್ನೊಂದು ದನಿ ಬಂತು, ‘ನಮ್ ಮದುವಿ ಆದ ವರ್ಷನೂ ಅಲ್ಲ, ನೋಡವ್ವಾ ನಿಮ್ಮಪ್ಪನ್ನ.’ ಕಾಲು ಮುರಿದವನು ಓಡಿ ಹೋಗುವುದಾದರೂ ಎಲ್ಲಿಗೆ? ವಿವರಣೆ ಕೊಡಬೇಕಾಯಿತು. ಆ ವಿವರಣೆ ಒಂದು ವಾರ ನಡೆಯಿತು.

2007ರಲ್ಲಿ ನನಗೆ 21. ಫ್ಲೆಕ್ಸ್ ಅಂಗಡಿ ಇರಲಿಲ್ಲ. ಒಂದು ಸೈಕಲ್ಲು, ಒಂದು ಬಕೆಟ್, ತೆಂಗಿನ ನಾರಿನ ಒಂದು ಬ್ರಷ್ಷು. ಕೊಪ್ಪಳದ ಟಾಕೀಸೊಂದಕ್ಕೆ ಗೋಡೆ ಗೋಡೆಗೆ ಪೋಸ್ಟರ್ ಹಚ್ಚುವ ಕೆಲಸ. ರಾತ್ರಿ ಸೆಕೆಂಡ್ ಶೋ ಬಿಟ್ಟ ಮೇಲೆ ಹೊರಟರೆ ಅಶೋಕ ಸರ್ಕಲ್, ಜವಾಹರ ರಸ್ತೆ, ಗಡಿಯಾರ ಕಂಬ, ಅಲ್ಲಿಂದ ಭಾಗ್ಯನಗರ. ಮುಗಿಸುವಷ್ಟರಲ್ಲಿ ಕೋಳಿ ಕೂಗುತ್ತಿತ್ತು. ಶುಕ್ರವಾರ ಹೊಸ ಚಿತ್ರ, ಗುರುವಾರ ರಾತ್ರಿ ನಮಗೆ ಹಬ್ಬ.

ಅಂಟು ಮಾಡುವುದು ಸುಲಭ ಅಂತ ಎಲ್ಲರೂ ತಿಳಿದಿದ್ದಾರೆ. ಮೈದಾವನ್ನು ಮೊದಲು ತಣ್ಣೀರಲ್ಲಿ ಕಲಸಬೇಕು, ಗಂಟು ಒಂದೂ ಇರಬಾರದು. ಆಮೇಲೆ ಕುದಿಯುವ ನೀರಿಗೆ ಸ್ವಲ್ಪ ಸ್ವಲ್ಪ ಸುರಿಯುತ್ತ ಕೋಲಿನಿಂದ ತಿರುವುತ್ತಿರಬೇಕು. ಕೈ ನಿಂತರೆ ತಳ ಹತ್ತುತ್ತದೆ. ಬಣ್ಣ ಬಿಳಿಯಿಂದ ಗಾಜಿನ ಹಾಗೆ ಆದರೆ ಆಯಿತು ಅಂತ ಲೆಕ್ಕ. ಇಳಿಸುವ ಮುಂಚೆ ಒಂದು ಚಿಟಿಕೆ ಮೈಲುತುತ್ತ. ಅದನ್ನು ಹಾಕದಿದ್ದರೆ ಹುಳ ಬೀಳುತ್ತದೆ. ಇಷ್ಟೆಲ್ಲ ಮಾಡಿದರೂ ದನಗಳು ಮೈದಾದ ವಾಸನೆಗೆ ಬಂದು ಹೀರೋನ ಮೊಣಕಾಲಿನ ತನಕ ತಿಂದು ಹೋಗುತ್ತಿದ್ದವು. ನಾಯಕಿಯನ್ನೂ ಬಿಡುತ್ತಿರಲಿಲ್ಲ.

ಬಸ್‌ಸ್ಟ್ಯಾಂಡ್ ಹತ್ತಿರ ಚಹಾದಂಗಡಿ ಇಟ್ಟಿದ್ದ ಅವ್ವ ತನ್ನ ಒಲೆಯ ಮೇಲೆ ನನ್ನ ಬಕೆಟ್ ಇಡಲು ಬಿಡುತ್ತಿದ್ದಳು. ಬಾಡಿಗೆ ಇಲ್ಲ. ‘ಕಟ್ಟಿಗೆ ಸುಮ್ನೆ ಉರಿತಾವಪಾ, ನಿಂದೊಂದು ಇಡು’ ಅನ್ನುತ್ತಿದ್ದಳು. ಈಗ ಆ ಅಂಗಡಿ ಇಲ್ಲ, ಅವ್ವ ಇದ್ದಾಳೆ. ಮುಂದೆ ಹೇಳುತ್ತೇನೆ.

ಸಿಕ್ಸ್ ಶೀಟ್ ಪೋಸ್ಟರ್ ಅಂದರೆ ಆರು ಹಾಳೆ ಸೇರಿಸಿ ಒಂದು ಚಿತ್ರ. ಗೋಡೆಗೆ ಅಂಟು, ಹಾಳೆ, ಹಾಳೆಯ ಮೇಲೆ ಮತ್ತೆ ಅಂಟು, ನಡುವಿನಿಂದ ಬದಿಗೆ ಬ್ರಷ್ ಎಳೆಯಬೇಕು. ಕತ್ತಲಲ್ಲಿ ಒಂದು ಸಲ ಹಾಳೆ ಅದಲು ಬದಲಾಗಿ ಹೀರೋ ಗಣೇಶನ ಮೂಗು ಗದ್ದದ ಕೆಳಗೆ ಹೋಗಿತ್ತು. ಬೆಳಿಗ್ಗೆ ಕಾಲೇಜು ಹುಡುಗರು ಸೈಕಲ್ ನಿಲ್ಲಿಸಿ ನೋಡುತ್ತಿದ್ದರು. ಮಾಲೀಕರು ಬೈದರು. ಆದರೆ ಆ ಗೋಡೆ ನೋಡಿ ಎಷ್ಟು ಜನ ಟಾಕೀಸಿಗೆ ಬಂದರೋ ಯಾರಿಗೆ ಗೊತ್ತು!

ಹೌದು, ಆ ಪೋಸ್ಟರ್ ‘ಮುಂಗಾರು ಮಳೆ’ಯದು. ಬಿಡುಗಡೆ ಆಗಿದ್ದು 2006ರ ಡಿಸೆಂಬರ್ 29ಕ್ಕೆ, ಆದರೆ ಅದು 2007ರ ಚಿತ್ರ. ಇದರಲ್ಲಿ ವಾದ ಬೇಡ. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಹೋದರೆ ಬೆಂಡು ಬತ್ತಾಸಿನ ಅಂಗಡಿಯಲ್ಲೂ ಅದೇ ಹಾಡು, ಬಳೆ ಅಂಗಡಿಯಲ್ಲೂ ಅದೇ, ತೊಟ್ಟಿಲು ತಿರುಗುವ ಕಡೆಯೂ ಅದೇ. ಮೂರೂ ಒಂದೊಂದು ಸಾಲು ಹಿಂದೆ ಮುಂದೆ. ಟಿವಿಯಲ್ಲಿ ಕಾಮಿಡಿ ಟೈಮ್ ಮಾಡುತ್ತಿದ್ದ ಹುಡುಗ ಹೀರೋ, ಯೋಗರಾಜ್ ಭಟ್ಟರ ಮಾತು, ಮನೋಮೂರ್ತಿ ಸಂಗೀತ. ‘ಅನಿಸುತಿದೆ ಯಾಕೋ ಇಂದು’ ಬರೆದವರು ಗೋಕರ್ಣದ ಜಯಂತ ಕಾಯ್ಕಿಣಿ, ಹಾಡಿದವರು ಮುಂಬೈನ ಸೋನು ನಿಗಮ್. ನಮ್ಮ ಕಡೆ ಯಾರಿಗೆ ಫೋನ್ ಮಾಡಿದರೂ ಕಾಲರ್ ಟ್ಯೂನ್ ಅದೇ. ಸಾಲ ವಾಪಸ್ ಕೇಳಲು ಫೋನ್ ಮಾಡಿದವರೂ ಒಂದು ಚರಣ ಕೇಳಿಯೇ ಮುಂದುವರಿಯಬೇಕು.

ಅದು ಮಲೆನಾಡಿನ ಚಿತ್ರ. ಸಕಲೇಶಪುರ, ಮಡಿಕೇರಿ, ಜೋಗ. ನಾವೋ ಬಿಸಿಲಿನವರು. ನಮ್ಮಲ್ಲಿ ಮಳೆ ಅಂದರೆ ಬಂದರೆ ಬಂತು, ಹೋದರೆ ಹೋಯಿತು. ತೆರೆಯ ಮೇಲೆ ಎರಡೂವರೆ ಗಂಟೆ ಬಿಡದೆ ಸುರಿಯುವ ಮಳೆ ನೋಡಲು ಅಳವಂಡಿ, ಕುಕನೂರು ಕಡೆಯಿಂದ ರೈತರು ಟ್ರ್ಯಾಕ್ಟರ್ ಮಾಡಿಕೊಂಡು ಬಂದಿದ್ದರು. ಪ್ರೀತಿ ಪ್ರೇಮ ಆಮೇಲೆ. ಒಬ್ಬ ಮುದುಕರು ಹೊರಗೆ ಬಂದು, ‘ಆ ನೀರು ಹಂಗ ಹರದು ಎಲ್ಲಿ ಹೋಗ್ತೈತಿ?’ ಅಂತ ಕೇಳಿದ್ದು ನೆನಪಿದೆ. ಜೋಗದ ನೀರನ್ನು ಕೇಳಿದ್ದು.

ಜೂನ್‌ನಲ್ಲಿ ಹೊಸ ಚಿತ್ರ ಸಿಗದ ಒಂದು ವಾರ ನಮ್ಮ ಟಾಕೀಸಿನವರು ಅದನ್ನೇ ಮತ್ತೆ ತರಿಸಿದರು. ಗುರುವಾರ ರಾತ್ರಿ ಪೂರ್ತಿ ಹಚ್ಚಿದೆ. ಕೊನೆಯ ಹಾಳೆ ಹಚ್ಚಿ ಬಕೆಟ್ ತೊಳೆಯುವಾಗ ಗುಡುಗು. ಬೆಳಗಾಗುವಷ್ಟರಲ್ಲಿ ಊರಲ್ಲಿ ಒಂದು ಪೋಸ್ಟರೂ ಉಳಿಯಲಿಲ್ಲ. ‘ಮುಂಗಾರು ಮಳೆ’ಯನ್ನು ಮುಂಗಾರು ಮಳೆಯೇ ತೊಳೆದುಕೊಂಡು ಹೋಗಿತ್ತು. ಆ ದಿನದ ಕೂಲಿ ಮುರಿದುಕೊಂಡರು. ಆದರೂ ನಗು ತಡೆಯಲಿಲ್ಲ, ಮಾಲೀಕರಿಗೂ.

(ಕೊಪ್ಪಳದಲ್ಲಿ ಮೊದಲು ಪೋಸ್ಟರ್ ಹಚ್ಚಿದವನು ಸಾಮ್ರಾಟ ಅಶೋಕ ಅನ್ನುವುದು ನನ್ನ ಹಳೆಯ ಜೋಕು. ಗವಿಮಠದ ಬಂಡೆಯ ಮೇಲೆ ಅವನ ಶಾಸನ ಒಂದು, ಪಾಲ್ಕಿಗುಂಡಿನಲ್ಲಿ ಒಂದು. ಎರಡು ಸಾವಿರ ವರ್ಷ ದಾಟಿದರೂ ಕಿತ್ತಿಲ್ಲ. ನನ್ನದು ಮುಂದಿನ ಶುಕ್ರವಾರಕ್ಕೆ ಖಲಾಸ್.)

ಫೆಬ್ರವರಿಯಲ್ಲಿ ಸೂರಿಯವರ ‘ದುನಿಯಾ’ ಬಂತು. ಮಳೆಯ ಪಕ್ಕದಲ್ಲೇ ಕಲ್ಲು, ಧೂಳು, ಬೆವರು. ನಾನು ಸ್ವಲ್ಪ ಕಪ್ಪಗಿದ್ದೇನೆ. ‘ಕರಿಯಾ ಐ ಲವ್ ಯೂ’ ಹಾಡು ಬಂದ ಮೇಲೆ ಆ ವರ್ಷವಿಡೀ ನನಗೆ ಬೇರೆ ಹೆಸರೇ ಇರಲಿಲ್ಲ. ಇವತ್ತಿಗೂ ಇಬ್ಬರು ಗೆಳೆಯರು ಹಾಗೇ ಕರೆಯುತ್ತಾರೆ. ಆಪರೇಷನ್ ದಿನ ರಕ್ತ ಕೊಡಲು ಹುಬ್ಬಳ್ಳಿಗೆ ಬಂದವರೂ ಅವರೇ. ಸ್ಟ್ರೆಚರ್ ಮೇಲೆ ನನ್ನನ್ನು ಒಯ್ಯುವಾಗ ಒಬ್ಬ ಬಾಗಿ ಕಿವಿಯಲ್ಲಿ ಅದೇ ಸಾಲು ಹೇಳಿದ. ನರ್ಸಮ್ಮ ಗದರಿಸಿದರು. ಗೆಳೆಯಾ, ಆ ಹೊತ್ತಿಗೆ ನನಗೆ ಭಯ ಬಹಳ ಇತ್ತು, ನಿನಗೆ ಗೊತ್ತಾಗಿತ್ತು ಅಲ್ವಾ?

ಕ್ರಿಕೆಟ್ ಬಗ್ಗೆ ಹೇಳದಿದ್ದರೆ ಅವರಿಬ್ಬರೂ ಬಿಡುವುದಿಲ್ಲ. ಮಾರ್ಚ್‌ನಲ್ಲಿ ವಿಶ್ವಕಪ್‌ನಲ್ಲಿ ಬಾಂಗ್ಲಾದೇಶದ ಎದುರು ಸೋತು ಮೊದಲ ಸುತ್ತಿಗೇ ಮನೆಗೆ ಬಂದಿದ್ದೆವು. ಸೆಪ್ಟೆಂಬರ್ 24ಕ್ಕೆ ಟಿ20 ಫೈನಲ್. ಓಣಿಯ ಗಣಪತಿ ಇನ್ನೂ ಪೆಂಡಾಲಿನಲ್ಲಿ ಕುಂತಿದ್ದ, ಅವನ ಪಕ್ಕದಲ್ಲಿ ಟಿವಿ. ಕೊನೇ ಓವರ್, ಪಾಕಿಸ್ತಾನಕ್ಕೆ 13 ಬೇಕು, ಬಾಲು ಜೋಗಿಂದರ್ ಶರ್ಮಾ ಕೈಗೆ. ಮಿಸ್ಬಾ ಸಿಕ್ಸ್ ಹೊಡೆದಾಗ ಒಬ್ಬ ಎದ್ದು ಹೋಗಿಬಿಟ್ಟ. ಮುಂದಿನ ಬಾಲು ಶ್ರೀಶಾಂತ್ ಕೈಗೆ ಬಿತ್ತು. ಎದ್ದು ಹೋದವನನ್ನು ಹುಡುಕಿ ತಂದು ಕುಣಿಸಿದೆವು.

ಅದೇ ಸೆಪ್ಟೆಂಬರ್‌ನಲ್ಲಿ ‘ಮಿಲನ’. ಅಪ್ಪು ಪೋಸ್ಟರ್ ಹಚ್ಚುವಾಗ ಒಂದು ನಿಯಮ ಇತ್ತು. ಮುಖದ ಮೇಲೆ ಬ್ರಷ್ ಒಂದೇ ಸಲ, ಮೆತ್ತಗೆ. ಯಾರೂ ಹೇಳಿಕೊಟ್ಟಿದ್ದಲ್ಲ. ಪೋಸ್ಟರಿನಲ್ಲಿ ಆ ನಗು ಸುಕ್ಕಾದರೆ ಅಭಿಮಾನಿಗಳು ಮನೆ ಹುಡುಕಿಕೊಂಡು ಬರುತ್ತಿದ್ದರು, ಅದೂ ಒಂದು ಕಾರಣ.

14 ವರ್ಷದ ನಂತರ, 2021ರ ಅಕ್ಟೋಬರ್ 29, ಶುಕ್ರವಾರ. ಆ ಹೊತ್ತಿಗೆ ನಂದು ಫ್ಲೆಕ್ಸ್ ಅಂಗಡಿ. ಮಧ್ಯಾಹ್ನ ಅಪ್ಪು ಇನ್ನಿಲ್ಲ ಅನ್ನುವ ಸುದ್ದಿ ಬಂತು. ಸಂಜೆಯಿಂದ ಮರುದಿನ ಬೆಳಿಗ್ಗೆಯ ತನಕ ಮಷಿನ್ ನಿಲ್ಲಲಿಲ್ಲ. ಪ್ರತಿ ಹಳ್ಳಿಯಿಂದ ಹುಡುಗರು ಬಂದು ಅದೇ ನಗುವಿನ ಫೋಟೋ ಕೊಡುತ್ತಿದ್ದರು. ಅರ್ಧ ರಾತ್ರಿಗೆ ಕಪ್ಪು ಇಂಕು ಮುಗಿಯಿತು. ಗಂಗಾವತಿಯ ಇನ್ನೊಂದು ಅಂಗಡಿಯವರು ಬೈಕಿನ ಮೇಲೆ ಇಂಕು ಕಳಿಸಿದರು. ಅವರು ನಮಗೆ ವ್ಯಾಪಾರದಲ್ಲಿ ಎದುರಾಳಿ. ಈ ಐದು ತಿಂಗಳಲ್ಲಿ ನನ್ನ ಗಿರಾಕಿಗಳ ಅವಸರದ ಪ್ರಿಂಟ್ ಹಾಕಿಕೊಟ್ಟು, ಬಿಲ್ ನನ್ನ ಹೆಸರಲ್ಲೇ ಮಾಡಿಸಿದವರೂ ಅವರೇ. ಅಣ್ಣಾ, ಇಂಕಿನ ಲೆಕ್ಕವೇ ಇನ್ನೂ ಮುಗಿದಿಲ್ಲ, ಇದು ಬೇರೆ ಸೇರಿತು.

ಈಗ ಮಗಳ ವಿಷಯಕ್ಕೆ. ಒಂದು ವಾರ ನನ್ನ ಪುರಾಣ ಕೇಳಿ, ‘ಹಂಗಾರ ಮುಂಗಾರು ಮಳೆ ಪಿಕ್ಚರ್ ಎಷ್ಟು ಸಲ ನೋಡಿ?’ ಅಂದಳು. ಲೆಕ್ಕ ಹಾಕಿದೆ. ನಲವತ್ತು ಸಲ ಆಗಿರಬಹುದು. ಆದರೆ ಇಂಟರ್‌ವಲ್ ತನಕ. ಅದಾದ ಮೇಲೆ ನಾನು ಎದ್ದು ಅಂಟು ಕುದಿಸಲು ಹೋಗುತ್ತಿದ್ದೆ. ಬಾಗಿಲ ಪರದೆ ಸರಿಸಿ ಒಂದೊಂದು ಚೂರು ನೋಡಿದ್ದು ಬಿಟ್ಟರೆ ಸೆಕೆಂಡ್ ಹಾಫ್ ನೋಡೇ ಇಲ್ಲ. ಟಿವಿಯಲ್ಲಿ ಬಂದಾಗಲೆಲ್ಲ ಕೆಲಸ. ಕಥೆ ಗೊತ್ತಿತ್ತು, ಊರವರೆಲ್ಲ ಹೇಳಿದ್ದರು.

ಅವಳು ಮೊಬೈಲನ್ನು ಉಪ್ಪಿನಕಾಯಿ ಭರಣಿಗೆ ಆನಿಸಿ ಇಟ್ಟಳು. ಇಬ್ಬರೂ ನೋಡಿದೆವು. ಹೀರೋ ಪ್ರೀತಮ್ ಹುಡುಗಿಯನ್ನು ಬಿಟ್ಟುಕೊಟ್ಟು ಹೊರಟಾಗ ನಾನು ಗಟ್ಟಿಯಾಗೇ ಇದ್ದೆ. ಮೊಲ ದೇವದಾಸ ಸತ್ತಾಗ ಆಗಲಿಲ್ಲ. ಪೋಸ್ಟರಿನ ಮೂಲೆಯಲ್ಲಿ ಆ ಮೊಲವನ್ನು ಎಷ್ಟು ಸಲ ನಾನೇ ಹಚ್ಚಿದ್ದೆ. ಅದು ಸಾಯುತ್ತದೆ ಅಂತ ಕೇಳಿದ್ದೆ, ಕಂಡಿರಲಿಲ್ಲ. ಮಗಳು ಸೆರಗಿಲ್ಲದ್ದಕ್ಕೆ ತನ್ನ ವೇಲ್ ಕೊಟ್ಟಳು, ಮೂಗು ಒರೆಸಿಕೊಳ್ಳಲು. ಆಮೇಲೆ ‘ಕಾಲು ನೋಯಕತ್ತೈತೇನು ಪಪ್ಪಾ?’ ಅಂತ ಕೇಳಿ ನನ್ನ ಮರ್ಯಾದೆ ಉಳಿಸಿದಳು. ‘ಹೌದವ್ವಾ, ಕಾಲು’ ಅಂದೆ.

ಈ ಸುದ್ದಿ ಅವಳಿಂದ ಓಣಿಗೆ, ಓಣಿಯಿಂದ ಹಳೇ ಟಾಕೀಸಿನ ಆಪರೇಟರ್ ಕಾಕಾಗೆ ಮುಟ್ಟಿತು. ಎಪ್ಪತ್ತು ದಾಟಿದ್ದಾರೆ, ಮಂಡಿ ನೋವು. ಆದರೂ ಒಂದು ಭಾನುವಾರ ಮನೆಗೆ ಬಂದರು. ಜೊತೆಗೆ ಚಹಾದಂಗಡಿಯ ಅವ್ವ, ಕೈಯಲ್ಲಿ ಸಜ್ಜೆ ರೊಟ್ಟಿಯ ಗಂಟು. ಅವ್ವ ಬಂದವಳೇ ನನ್ನ ಕಾಲು ಮುಟ್ಟಿ ನೋಡಿ, ‘ಅಂಟು ಹಚ್ಚಿದ್ರೇನಪಾ ಡಾಕ್ಟರು?’ ಅಂದಳು. ‘ಇಲ್ಲವ್ವಾ, ಕಬ್ಬಿಣದ ರಾಡು’ ಅಂದೆ. ‘ಮೈದಾ ಚಲೋ ಇತ್ತು’ ಅಂದಳು. ಆಮೇಲೆ ಪ್ರತಿ ಭಾನುವಾರ ರೊಟ್ಟಿ ಬಂತು, ಒಂದು ವಾರವೂ ತಪ್ಪಲಿಲ್ಲ.

ಕಾಕಾ ಅಂಗಿಯ ಜೇಬಿನಿಂದ ಬೆಂಕಿಪೆಟ್ಟಿಗೆ ತೆಗೆದು ಮಗಳ ಕೈಗೆ ಕೊಟ್ಟರು. ಒಳಗೆ ಫಿಲ್ಮಿನ ಒಂದು ತುಂಡು. ರೀಲು ಹರಿದಾಗ ಕತ್ತರಿಸಿ ಮತ್ತೆ ಅಂಟಿಸುತ್ತಿದ್ದರಲ್ಲ, ಆಗ ಉಳಿದಿದ್ದು. ‘ನಿಮ್ಮಪ್ಪ ಎದ್ದು ಹೋಗ್ತಿದ್ದ ಮ್ಯಾಲಿಂದು’ ಅಂದರು. ಎಣಿಸಿದಳು, ಆರು ಚಿತ್ರ. ಸೆಕೆಂಡಿಗೆ 24 ಚಿತ್ರ ಓಡಬೇಕು ಅಂತ ಕಾಕಾ ಲೆಕ್ಕ ಹೇಳಿಕೊಟ್ಟರು. ಅಂದರೆ ಅವಳ ಕೈಯಲ್ಲಿದ್ದದ್ದು ಕಾಲು ಸೆಕೆಂಡಿನ ಸಿನಿಮಾ.

ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಯಾರೋ ಒಬ್ಬರು ನಿಂತಿದ್ದಾರೆ, ಮುಖ ಗೊತ್ತಾಗುವುದಿಲ್ಲ. ಮೇಲಿನಿಂದ ಕೆಳಗೆ ಬಿಳಿ ಗೆರೆಗಳು. ಬಹಳ ಓಡಿದ ರೀಲಿಗೆ ಹೀಗೆ ಗೆರೆ ಬೀಳುತ್ತವೆ. ಟಾಕೀಸಿನಲ್ಲಿ ಅದಕ್ಕೆ ನಾವು ‘ಮಳೆ’ ಅಂತಲೇ ಅನ್ನುತ್ತಿದ್ದೆವು. ಇದು ಆ ಮಳೆಯೋ ಈ ಮಳೆಯೋ ಅಂತ ಮಗಳು ಕೇಳಿದಳು. ಕಾಕಾ ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು. ‘ಎರಡೂ ಇರಬಹುದು’ ಅಂದರು.

ಹುಬ್ಬಳ್ಳಿಯ ಡಾಕ್ಟರಿಗೆ, ‘ಇನ್ನೊಂದ್ಸಲ, ಇನ್ನೊಂದ್ಸಲ’ ಅಂತ ನನ್ನ ಮೊಣಕಾಲು ಮಡಚಿಸಿದ ಫಿಸಿಯೋಥೆರಪಿ ಮೇಡಂಗೆ (ಮನಸ್ಸಿನಲ್ಲೇ ಬೈದಿದ್ದೇನೆ, ಕ್ಷಮಿಸಿ), ಅಂಗಡಿ ನಡೆಸಿದ ಇಬ್ಬರು ಹುಡುಗರಿಗೆ, ಬಾಕಿ ಹಣವನ್ನು ಕೇಳದೇ ತಂದುಕೊಟ್ಟ ಗಿರಾಕಿಗಳಿಗೆ, ಕೇಳಿದರೂ ಕೊಡದೆ ಕಾಲು ನೋಡಲು ಮಾತ್ರ ಬಂದ ಒಂದಿಬ್ಬರಿಗೂ ನಮಸ್ಕಾರ. ಅಡುಗೆಮನೆಯ ದನಿಗೆ ಏನು ಹೇಳಬೇಕೋ ಅದನ್ನು ಮನೆಯಲ್ಲೇ ಹೇಳುತ್ತೇನೆ. ವರ್ಷದ ವಿಷಯದಲ್ಲಿ ಇನ್ನೂ ರಾಜಿಯಾಗಿಲ್ಲ.

ಅಂಗಡಿ ಬೆಳಿಗ್ಗೆ ಹತ್ತರಿಂದ ತೆರೆದಿರುತ್ತದೆ. ಏಣಿ ಹತ್ತಲು ಹುಡುಗರು ಬರುತ್ತಾರೆ, ನಾನು ಕೆಳಗೆ ನಿಂತು ಎಡಕ್ಕೆ, ಬಲಕ್ಕೆ ಅಂತ ಹೇಳುತ್ತೇನೆ. ಆ ಆರು ಚಿತ್ರವನ್ನು ಕೌಂಟರಿನ ಗಾಜಿನ ಕೆಳಗೆ ಇಟ್ಟಿದ್ದೇನೆ. ಬಂದವರು ಹಿಡಿದು ನೋಡಿ. ಗುರುತು ಹತ್ತಿದರೆ ಮಗಳಿಗೆ ಹೇಳಿ, ಅವಳು ಪಟ್ಟಿ ಮಾಡುತ್ತಿದ್ದಾಳೆ. ಇಲ್ಲಿಯ ತನಕ ನಾಲ್ವರು ಗಣೇಶ್ ಅಂದಿದ್ದಾರೆ, ಇಬ್ಬರು ಅನಂತನಾಗ್ ಅಂದಿದ್ದಾರೆ, ಒಬ್ಬರು ಮಾತ್ರ ಗಟ್ಟಿಯಾಗಿ ಅದು ಮೊಲ ಅಂತ ಹೇಳಿ ಹೋಗಿದ್ದಾರೆ.