ರುದ್ರಭೂಮಿಗೆ ಗೋಡೆಯಷ್ಟೇ ದಾಖಲೆ ಪುಸ್ತಕವೂ ಅಗತ್ಯ

ಮಾನ್ಯ ಸಂಪಾದಕರೇ,

ಜಾತಿಗೊಂದು ಸ್ಮಶಾನದ ಬದಲು ಎಲ್ಲರಿಗೂ ಒಂದೇ ಸಾರ್ವಜನಿಕ ರುದ್ರಭೂಮಿ ಇರಲಿ ಎಂಬ ಅಭಿಪ್ರಾಯ ನಿಮ್ಮ ವಾಚಕರ ಅಂಕಣದಲ್ಲಿ ಆಗಾಗ ಕಾಣಿಸುತ್ತಿದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಅರಣ್ಯ, ನಡುವೆ ಉಳಿದ ಪಟ್ಟಿಯಲ್ಲಿ ಹೆದ್ದಾರಿ, ರೈಲು, ನೌಕಾನೆಲೆ ಹೀಗೆ ಹಂಚಿಹೋಗಿರುವ ಕಾರವಾರ, ಅಂಕೋಲಾ ಭಾಗದವರು ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಚರ್ಚೆಯೆಲ್ಲ ಜಾಗ, ಆವರಣ ಗೋಡೆ, ತಗಡಿನ ಮಾಡು ಇವುಗಳಲ್ಲೇ ನಿಂತುಬಿಡುವುದರಿಂದ, ಐರ್ಲೆಂಡಿನ ಡಬ್ಲಿನ್ ನಗರದ ಗ್ಲಾಸ್ನೆವಿನ್ ಸ್ಮಶಾನದ ಚರಿತ್ರೆಯನ್ನು ಓದುಗರ ಗಮನಕ್ಕೆ ತರಬಯಸುತ್ತೇನೆ.

ಡಬ್ಲಿನ್‌ನಲ್ಲಿ ಕ್ಯಾಥೊಲಿಕರು ಬಹುಸಂಖ್ಯಾತರಾಗಿದ್ದರೂ ಅವರಿಗೆ ಸ್ವಂತ ಸ್ಮಶಾನವಿರಲಿಲ್ಲ. ಪ್ರಾಟೆಸ್ಟೆಂಟ್ ಚರ್ಚುಗಳ ಅಂಗಳದಲ್ಲೇ ಶವ ಹೂಳಬೇಕಿತ್ತು. 1823ರಲ್ಲಿ ಅಂಥದೊಂದು ಅಂಗಳದಲ್ಲಿ ಪ್ರಾರ್ಥನೆಗೆ ನಿಂತ ಕ್ಯಾಥೊಲಿಕ್ ಪಾದ್ರಿಯನ್ನು ಆ ಚರ್ಚಿನ ಕೆಲಸದವನು ತಡೆದದ್ದು ಊರನ್ನೇ ಕೆರಳಿಸಿತು. ಗೋರಿಯ ಬಳಿ ಪ್ರಾರ್ಥಿಸುವುದನ್ನು ನಿಷೇಧಿಸುವ ಕಾನೂನೇ ಇಲ್ಲವೆಂದು ವಕೀಲ, ಜನನಾಯಕ ಡೇನಿಯಲ್ ಓಕಾನೆಲ್ ವಾದಿಸಿದರು. ಮುಂದೆ ಅವರ ಪ್ರಯತ್ನದಿಂದಲೇ 1832ರ ಫೆಬ್ರುವರಿಯಲ್ಲಿ ಒಂಬತ್ತು ಎಕರೆಯಲ್ಲಿ ಈ ಸ್ಮಶಾನ ಆರಂಭವಾಯಿತು. ಅವಮಾನವಾದದ್ದು ಒಂದು ಮತದವರಿಗೆ. ಅವರು ಕಟ್ಟಿದ್ದು ಮಾತ್ರ ಎಲ್ಲ ಮತದವರಿಗೆ, ಯಾವ ಮತವನ್ನೂ ಒಪ್ಪದವರಿಗೂ ಸಹ. ನಮ್ಮಲ್ಲಾಗಿದ್ದರೆ ಬಹುಶಃ ಇನ್ನೊಂದು ಸಮಾಜದ ಹೆಸರಿನಲ್ಲಿ ಪ್ರತ್ಯೇಕ ಜಾಗಕ್ಕೆ ಮನವಿ ಸಲ್ಲಿಕೆಯಾಗುತ್ತಿತ್ತು.

ಅಲ್ಲಿ ಮೊದಲು ಮಣ್ಣಾದವನು ಮೈಕೆಲ್ ಕೇರಿ ಎಂಬ ಹನ್ನೊಂದು ವರ್ಷದ ಬಡ ಹುಡುಗ. ಅವನ ಹೆಸರು ನಮಗೆ ತಿಳಿದಿರುವುದು ಮೊದಲ ದಿನದಿಂದಲೇ ಅಲ್ಲಿ ಮೃತರ ದಾಖಲೆ ಪುಸ್ತಕವಿಟ್ಟಿದ್ದರಿಂದ. ಅದೇ ವರ್ಷ ಕಾಲರಾ ಬಂತು, 1840ರ ದಶಕದಲ್ಲಿ ಭೀಕರ ಕ್ಷಾಮ ಬಂತು. ಸಾವಿರಾರು ಬಡವರನ್ನು ಕಲ್ಲಿನ ಗುರುತೂ ಇಲ್ಲದೆ ಸಾಮೂಹಿಕ ಗುಂಡಿಗಳಲ್ಲಿ ಹೂಳಲಾಯಿತು. ದೇಹರಚನೆ ಕಲಿಸುವ ವೈದ್ಯಕೀಯ ಶಾಲೆಗಳಿಗೆ ಶವ ಕದ್ದು ಮಾರುವವರ ಕಾಟ ಎಷ್ಟಿತ್ತೆಂದರೆ, ಎತ್ತರದ ಗೋಡೆಯ ಜೊತೆಗೆ ಕಾವಲು ಗೋಪುರಗಳನ್ನೂ ಕಟ್ಟಬೇಕಾಯಿತು. ಇಷ್ಟರ ನಡುವೆಯೂ ಹೆಸರು, ವಯಸ್ಸು, ವಿಳಾಸ ಬರೆಯುವುದು ನಿಲ್ಲಲಿಲ್ಲ. ಇಂದು 120 ಎಕರೆಗೂ ಮಿಕ್ಕಿ ಹರಡಿರುವ ಆ ನೆಲದಲ್ಲಿ ಸುಮಾರು 15 ಲಕ್ಷ ಜನರಿದ್ದಾರೆ. ಗೋರಿಗಲ್ಲಿಲ್ಲದ ಕೂಲಿಕಾರರ ಮರಿಮಕ್ಕಳೂ ಬಂದು ತಮ್ಮವರು ಮಲಗಿರುವ ಜಾಗ ಕೇಳಿ ತಿಳಿದುಕೊಳ್ಳುತ್ತಾರೆ.

ನಮ್ಮ ಕರಾವಳಿಯಲ್ಲಿ ಕಲ್ಲು ಹಾಕಿಸುವ ಶಕ್ತಿಯಿದ್ದವರ ಗುರುತು ಮಾತ್ರ ಉಳಿಯುತ್ತದೆ. 1637, 1638ರಲ್ಲಿ ಭಟ್ಕಳದಲ್ಲಿ ಸತ್ತ ಇಂಗ್ಲಿಷರ ಹೆಸರುಗಳು ಗೋರಿಗಲ್ಲಿನಿಂದಾಗಿ ಗೆಜೆಟಿಯರ್ ಸೇರಿದವು. ಆದರೆ ಈಚೆಗೆ ನಾನು ನೋಡಿದ ಇಲ್ಲಿಯದೇ ಒಂದು ರುದ್ರಭೂಮಿಯ ಕಪಾಟಿನಲ್ಲಿ ಕಟ್ಟಿಗೆ ಖರೀದಿಯ ರಸೀದಿಗಳನ್ನು ತಾರೀಕಿನ ಪ್ರಕಾರ ದಾರಕ್ಕೆ ಪೋಣಿಸಿಟ್ಟಿದ್ದರು. ಆ ಕಟ್ಟಿಗೆಯಲ್ಲಿ ದಹನವಾದವರ ಹೆಸರಿನ ಒಂದು ಹಾಳೆಯೂ ಇರಲಿಲ್ಲ. ಲೆಕ್ಕ ಪರಿಶೋಧನೆಯ ಭಯ ಕಟ್ಟಿಗೆಗಿದೆ, ಮನುಷ್ಯನಿಗಿಲ್ಲ.

ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ 10ನೇ ಕಲಮು, ಶವಸಂಸ್ಕಾರದ ಸ್ಥಳದ ಮೇಲ್ವಿಚಾರಕನು ಮರಣದ ಮಾಹಿತಿಯನ್ನು ನೋಂದಣಾಧಿಕಾರಿಗೆ ತಿಳಿಸಬೇಕೆಂದು ಆಗಲೇ ಹೇಳಿದೆ. ಸಾರ್ವಜನಿಕ ರುದ್ರಭೂಮಿಗೆ ಜಾಗ ಗುರುತಿಸುವಾಗಲೇ ಸ್ಥಳೀಯ ಸಂಸ್ಥೆಗಳು ಅಲ್ಲಿಗೊಬ್ಬ ಸಂಬಳದ ಮೇಲ್ವಿಚಾರಕನನ್ನು ನೇಮಿಸಿ, ಮೃತರ ಹೆಸರು, ವಯಸ್ಸು, ಊರು, ಹೂಳಿದ ಅಥವಾ ಸುಟ್ಟ ಸ್ಥಳ ಬರೆಯುವ ಪುಸ್ತಕವನ್ನು ಕಡ್ಡಾಯಗೊಳಿಸಬೇಕು. ಜಾತಿಯ ಕಾಲಂ ಅದರಲ್ಲಿ ಬೇಡ. ಮಳೆಗಾಲದಲ್ಲಿ ದಡಕ್ಕೆ ಬರುವ ಗುರುತು ಸಿಗದ ಶವಗಳಿಗೂ ಒಂದು ಸಾಲು ಮೀಸಲಿಟ್ಟು ಸಿಕ್ಕ ದಿನ, ಸ್ಥಳ, ಮೈಮೇಲಿದ್ದ ಬಟ್ಟೆಯ ವಿವರ ಬರೆದಿಟ್ಟರೆ, ತಡವಾಗಿ ಹುಡುಕಿಕೊಂಡು ಬರುವ ಮೀನುಗಾರ ಕುಟುಂಬಗಳಿಗೆ ವಿಚಾರಿಸಲು ಒಂದು ಜಾಗವಾದರೂ ಇರುತ್ತದೆ.

ಇಂತಿ,
ಒಬ್ಬ ಓದುಗ, ಕಾರವಾರ