ಛತ್ರಕ್ಕೆ ಮುಂಗಡ ಕೊಟ್ಟುಬಿಡಿ

ಜನವರಿ 18, 2025, ಶನಿವಾರ

ಅಪ್ಪನಿಗೆ ನಮಸ್ಕಾರಗಳು. ನಾನು ಕ್ಷೇಮ, ನೀವೆಲ್ಲ ಕ್ಷೇಮವೆಂದು ತಿಳಿದಿದ್ದೇನೆ. ಈ ಸಲದ ಎಳ್ಳು ಬೆಲ್ಲ ಸುಮಾ ಕಳಿಸಿದ ಫೋಟೊದಲ್ಲೇ ಆಯಿತು.

ನಿಮ್ಮ ಕಾಗದದಲ್ಲಿ ಕುಶಲ ಎರಡು ಸಾಲು, ಮಿಕ್ಕ ಮೂರು ಪುಟವೂ ಒಂದೇ ಪ್ರಶ್ನೆ. ನಮ್ಮ ಅಮೆರಿಕನ್ ಫುಟ್‌ಬಾಲ್ ಕೋಚ್ ಕಾಲೇಜು ಬಿಟ್ಟು ದೊಡ್ಡ ವೃತ್ತಿಪರ ತಂಡಕ್ಕೆ ಹೋದರೆ ನನ್ನ ಕೆಲಸದ ಗತಿ ಏನು, ಸೊಸೈಟಿ ಕಂತಿನ ಗತಿ ಏನು, ಸುಮಾಳ ಮದುವೆ ಮೇ ತಿಂಗಳಿಗೆ ಇಟ್ಟುಕೊಳ್ಳುವುದೋ ಮುಂದೆ ಹಾಕುವುದೋ. ಸೀನು ಮಾವ ಏನೇನು ಹೇಳಿ ಹೆದರಿಸಿದ್ದಾನೋ ಕಾಣೆ. ಇಟ್ಟುಕೊಳ್ಳಿ. ಛತ್ರಕ್ಕೆ ಮುಂಗಡ ಕೊಟ್ಟುಬಿಡಿ.

ಹೋಗುತ್ತಿರುವುದು ಮುಖ್ಯ ಕೋಚ್ ಅಲ್ಲ, ಡಿಫೆನ್ಸ್, ಅಂದರೆ ಎದುರಾಳಿಯನ್ನು ತಡೆಯುವ ಪಡೆಯನ್ನು ನೋಡಿಕೊಳ್ಳುತ್ತಿದ್ದವರು. ನನಗೆ ಸಂಬಳ ಕೊಡುವುದು ವಿಶ್ವವಿದ್ಯಾಲಯ, ಅವರ ಜೇಬಿನಿಂದ ಬರುವುದಲ್ಲ. ಪಂದ್ಯದ ವಿಡಿಯೊ ಕತ್ತರಿಸಿ ಒಂದೊಂದು ಆಟಕ್ಕೂ ಚೀಟಿ ಅಂಟಿಸುವ ಕೆಲಸ ಯಾವ ಕೋಚ್ ಬಂದರೂ ಇದ್ದೇ ಇರುತ್ತದೆ.

ಅಣ್ಣ ಕಾಗದದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಗೀಚಿದ್ದಾನೆ, ‘ನೀನೂ ಅವರ ಜೊತೆ ಹೋಗು, ಸಂಬಳ ಜಾಸ್ತಿ’ ಅಂತ. ಅವನಿಗೆ ಹೇಳಿ: ವಿಶ್ವವಿದ್ಯಾಲಯದ ಕೆಲಸಕ್ಕೆ ಎಚ್-1ಬಿ ಎಂಬ ಕೆಲಸದ ವೀಸಾದ ಲಾಟರಿ ಇಲ್ಲ. ಆ ದೊಡ್ಡ ತಂಡ ಖಾಸಗಿ ಕಂಪನಿಯ ಲೆಕ್ಕ. ಅಲ್ಲಿಗೆ ಹಾರಬೇಕಾದರೆ ವರ್ಷದ 65,000 ವೀಸಾಗಳಲ್ಲೋ, ಇಲ್ಲೇ ಎಂ.ಎಸ್. ಮಾಡಿದವರಿಗೆಂದು ಇಟ್ಟ ಇನ್ನೊಂದು 20,000ದಲ್ಲೋ ನನ್ನ ಚೀಟಿ ಏಳಬೇಕು. ನೋಂದಣಿ ಮಾರ್ಚ್‌ನಲ್ಲಿ. ಎದ್ದರೂ ಕೆಲಸಕ್ಕೆ ಸೇರುವುದು ಅಕ್ಟೋಬರ್ 1ಕ್ಕೆ, ಅಷ್ಟರಲ್ಲಿ ಅಲ್ಲಿ ನಾಲ್ಕು ವಾರದ ಪಂದ್ಯ ಮುಗಿದಿರುತ್ತದೆ. ಅದಕ್ಕೇ ನಾನು ಇಲ್ಲೇ.

‘ಫುಟ್‌ಬಾಲ್ ಅಂದರೆ ಎಲ್ಲ ಕಡೆಯೂ ಒಂದೇ ಅಲ್ಲವೇನೋ, ಕಾಲೇಜಾದರೇನು ದೊಡ್ಡ ತಂಡವಾದರೇನು’ ಎಂದು ಕೇಳಿದ್ದೀರಿ. ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಓಡುವ ಆಟಕ್ಕೆ ಫುಟ್‌ಬಾಲ್ ಅಂತ ಹೆಸರಿಟ್ಟವರ ಊರು ಇದು, ಸುಲಭವಾಗಿ ಏನನ್ನೂ ಒಪ್ಪಬೇಡಿ.

ಕಾಲೇಜಿನಲ್ಲಿ ಹುಡುಗರನ್ನು ಆರಿಸುವವನೇ ಕೋಚ್. ಹೈಸ್ಕೂಲ್ ಹುಡುಗನ ಮನೆಗೇ ಹೋಗಿ, ಅವನ ಅಮ್ಮ ಬಡಿಸಿದ್ದನ್ನು ಉಂಡು, ‘ನಿಮ್ಮ ಮಗನನ್ನು ನಮ್ಮ ಮಗನಂತೆ ನೋಡಿಕೊಳ್ಳುತ್ತೇವೆ’ ಅನ್ನುತ್ತಾರೆ. ಥೇಟ್ ಹೆಣ್ಣು ನೋಡುವ ಶಾಸ್ತ್ರ, ಕೇಸರಿಬಾತ್ ಒಂದಿಲ್ಲ. 2024ರ ಋತುವಿನಲ್ಲಿ ವಿದ್ಯಾರ್ಥಿವೇತನದ ಮೇಲೆ 85 ಜನರ ಮಿತಿ ಇತ್ತು, ಸ್ವಂತ ಖರ್ಚಿನಲ್ಲಿ ಸೇರುವವರು ಬೇರೆ, ಒಟ್ಟು ನೂರು ದಾಟುತ್ತಿತ್ತು. ವೃತ್ತಿಪರ ಲೀಗಿನಲ್ಲಿ ಒಂದು ತಂಡಕ್ಕೆ 53 ಜನ, ಅಭ್ಯಾಸಕ್ಕೆಂದು ಇನ್ನು 16, ಪಂದ್ಯದ ದಿನ ಸಮವಸ್ತ್ರ ತೊಡುವವರು ಹೆಚ್ಚೆಂದರೆ 48. ಯಾರನ್ನು ಕೊಳ್ಳಬೇಕೆಂದು ತೀರ್ಮಾನಿಸುವವರು ಹೆಚ್ಚಿನ ಕಡೆ ಜನರಲ್ ಮ್ಯಾನೇಜರ್. 2024ರಲ್ಲಿ ಒಂದು ತಂಡ ಆಟಗಾರರ ಸಂಬಳಕ್ಕೆ ಹಾಕಿಕೊಳ್ಳಬಹುದಾಗಿದ್ದ ಮಿತಿ 25.54 ಕೋಟಿ ಡಾಲರ್. ಒಳ್ಳೆಯವನೊಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನಿಬ್ಬರನ್ನು ಬಿಡಬೇಕು.

ಅಭ್ಯಾಸದ ಲೆಕ್ಕ ಇನ್ನೂ ತಮಾಷೆ. ಕಾಲೇಜಿನಲ್ಲಿ ಋತು ನಡೆಯುವಾಗ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ ಮೀರುವಂತಿಲ್ಲ, ವಾರಕ್ಕೊಂದು ರಜೆ. ವೃತ್ತಿಪರರಿಗೆ ಪಾಠ ಪ್ರವಚನ ಏನೂ ಇಲ್ಲ, ಬೆಳಿಗ್ಗೆಯಿಂದ ಸಂಜೆಯವರೆಗೆ ಕೋಣೆಯಲ್ಲಿ ಕೂರಿಸಬಹುದು. ಹಾಗಾದರೆ ಅಲ್ಲಿ ಹೆಚ್ಚು ಕಲಿಸಬಹುದು ಅಂದುಕೊಂಡಿರಾ? ಉಲ್ಟಾ. ಪ್ಯಾಡ್ ಕಟ್ಟಿಕೊಂಡು ಮೈಗೆ ಮೈ ತಾಗಿಸುವ ಅಭ್ಯಾಸ ಇಡೀ 18 ವಾರದಲ್ಲಿ 14 ಸಲ ಮಾತ್ರ, ಅದರಲ್ಲೂ 11 ಮೊದಲ 11 ವಾರದಲ್ಲೇ ಮುಗಿಯಬೇಕು. ಟ್ಯಾಕಲ್, ಅಂದರೆ ಚೆಂಡು ಹಿಡಿದವನನ್ನು ಕೆಡವುವುದು, ತಪ್ಪುವ ಹುಡುಗನಿಂದ ಕಾಲೇಜಿನಲ್ಲಿ ಮರುದಿನವೇ ನೂರು ಸಲ ಮಾಡಿಸಿ ತಿದ್ದಬಹುದು. ಅಲ್ಲಿ ವಿಡಿಯೊ ತೋರಿಸಿ, ನಿಧಾನಕ್ಕೆ ನಡೆಸಿ ತಿದ್ದಬೇಕು. ಎದುರಾಳಿಯ ವೇಷ ಹಾಕಿ ಆಡಲು ಕಾಲೇಜಿನಲ್ಲಿ ಬೇರೆಯೇ ಹುಡುಗರ ದಂಡಿದೆ, ಅಲ್ಲಿ ಅಷ್ಟು ಜನರೇ ಇಲ್ಲ. ಚೆಂಡು ಮುಂದೊಯ್ಯಲು ಸಿಗುವ ಒಂದೊಂದು ಸರದಿಗೂ ಡೌನ್ ಅನ್ನುತ್ತಾರೆ. ಸಾಮಾನ್ಯವಾಗಿ ಬುಧವಾರ ಒಂದು, ಎರಡನೇ ಡೌನ್‌ಗಳ ಅಭ್ಯಾಸ, ಗುರುವಾರ ಮೂರನೇ ಡೌನ್, ಶುಕ್ರವಾರ ಗೋಲ್ ಹತ್ತಿರದ ಆಟ. ಬುಧವಾರ ಇಬ್ಬರು ಕುಂಟಿದರೆ ಆ ವಾರದ ಯೋಜನೆಯೇ ಕುಂಟಿತು.

ಡಿಫೆನ್ಸಿನವರಿಗೆ ದೊಡ್ಡ ಪೆಟ್ಟು ಮಾತ್ರ ಮೈದಾನದ ಗೀಟಿನಲ್ಲಿದೆ. ಇದು ನನ್ನ ಕೆಲಸಕ್ಕೆ ಹತ್ತಿರದ್ದು, ಸ್ವಲ್ಪ ತಾಳಿಕೊಂಡು ಓದಿ. ಮೈದಾನದ ಅಗಲ ಕಾಲೇಜಿನಲ್ಲೂ ವೃತ್ತಿಪರರಲ್ಲೂ 160 ಅಡಿ. ಅಂಚಿನ ಹತ್ತಿರ ಆಟ ನಿಂತರೆ ಚೆಂಡನ್ನು ಒಳಗೆ ಹ್ಯಾಶ್ ಎಂಬ ಗೀಟಿಗೆ ತಂದಿಟ್ಟು ಮುಂದಿನ ಆಟ ಶುರು. ಕಾಲೇಜಿನಲ್ಲಿ ಎರಡು ಹ್ಯಾಶ್ ನಡುವೆ 40 ಅಡಿ. ಚೆಂಡು ಎಡ ಹ್ಯಾಶ್‌ನಲ್ಲಿದ್ದರೆ ಎಡಕ್ಕೆ 60 ಅಡಿ, ಬಲಕ್ಕೆ 100 ಅಡಿ. ಹಾಗಾಗಿ ಎಷ್ಟೋ ಕಾಲೇಜು ಕೋಚ್‌ಗಳು ಜೋರಾಗಿ ಓಡುವವನನ್ನು ಅಗಲದ ಬದಿಗೆ, ಗಟ್ಟಿಮುಟ್ಟಾದವನನ್ನು ಕಿರಿದಾದ ಬದಿಗೆ ಖಾಯಂ ಮಾಡಿಬಿಡುತ್ತಾರೆ. ಹುಡುಗ ಕಲಿಯಬೇಕಾದ್ದೂ ಕಮ್ಮಿ. ವೃತ್ತಿಪರ ಮೈದಾನದಲ್ಲಿ ಹ್ಯಾಶ್ ನಡುವೆ ಬರೀ 18 ಅಡಿ 6 ಅಂಗುಲ. ಒಂದು ಕಡೆ 70 ಅಡಿ 9 ಅಂಗುಲ, ಇನ್ನೊಂದು ಕಡೆ 89 ಅಡಿ 3 ಅಂಗುಲ. ಅಂದರೆ ಚೆಂಡು ಹೆಚ್ಚುಕಮ್ಮಿ ನಡುವಿನಲ್ಲೇ, ಎದುರಾಳಿ ಎರಡೂ ಕಡೆ ಧಾರಾಳವಾಗಿ ಆಡುತ್ತಾನೆ. ಬದಿ ನೋಡಿ ಹಂಚಿದ ಡಿಫೆನ್ಸ್ ಅಲ್ಲಿ ಅಷ್ಟಾಗಿ ನಡೆಯುವುದಿಲ್ಲ, ಎದುರಾಳಿ ಹೇಗೆ ನಿಂತಿದ್ದಾನೆ ಎಂದು ನೋಡಿ ಹೇಳಬೇಕು, ಇಬ್ಬರೂ ಎರಡೂ ಕೆಲಸ ಕಲಿತಿರಬೇಕು. ನನ್ನ ಪಟ್ಟಿಯಲ್ಲಿ ಒಂದೊಂದು ಆಟದ ಮುಂದೆಯೂ ಎಡ, ನಡು, ಬಲ ಎಂದು ತುಂಬುವ ಕಾಲಂ ಇದೆ. ಕಾಲೇಜಿನಲ್ಲಿ ಎದುರಾಳಿಯ ಮುಂದಿನ ಆಟ ಊಹಿಸಲು ಅದು ಚಿನ್ನ, ಅಲ್ಲಿಗೆ ಒಯ್ದರೆ ಅರ್ಧ ಬೆಲೆ.

ಸೂಚನೆ ಕೊಡುವುದರಲ್ಲೂ ವ್ಯತ್ಯಾಸವಿತ್ತು. ಅಂಚಿನಲ್ಲಿ ನಿಂತು ನಾಲ್ಕು ಚಿತ್ರದ ದೊಡ್ಡ ಬೋರ್ಡ್ ಎತ್ತಿ ಹಿಡಿಯುತ್ತಿದ್ದರಲ್ಲ, ಅಮ್ಮ ಟಿವಿಯಲ್ಲಿ ನೋಡಿ ‘ಇದೇನು ಸರ್ಕಸ್ಸೇ’ ಅಂದಿದ್ದಳು. 2024ರಿಂದ ದೊಡ್ಡ ಕಾಲೇಜುಗಳಿಗೂ ಹೆಲ್ಮೆಟ್ ಒಳಗೆ ರೇಡಿಯೊ ಬಂತು. ವೃತ್ತಿಪರರಿಗೆ 1994ರಿಂದಲೇ ಇತ್ತು, ಡಿಫೆನ್ಸಿಗೆ 2008ರಿಂದ. 40 ಸೆಕೆಂಡ್ ಗಡಿಯಾರದಲ್ಲಿ 15 ಉಳಿದಾಗ ರೇಡಿಯೊ ತಾನಾಗೇ ಕಟ್. ಕೋಚ್ ಯೋಚಿಸುತ್ತ 18ಕ್ಕೆ ಬಾಯಿ ಬಿಟ್ಟರೆ ಹುಡುಗನಿಗೆ ಅರ್ಧ ವಾಕ್ಯ ಕೇಳುತ್ತದೆ, ಅತ್ತ ಇಬ್ಬರು ಒಂದು ಆಡುತ್ತಾರೆ, ಇತ್ತ ಒಂಬತ್ತು ಜನ ಇನ್ನೊಂದು.

ಕಾಲೇಜಿನಿಂದ ವೃತ್ತಿಪರ ತಂಡಕ್ಕೆ ಮುಖ್ಯ ಕೋಚ್ ಆಗಿ ಹೋದ ಮಹಾಮಹಿಮರೇ ಎಡವಿದ್ದಾರೆ. ಸ್ಟೀವ್ ಸ್ಪರಿಯರ್ ಫ್ಲಾರಿಡಾ ಕಾಲೇಜಿನಲ್ಲಿ ರಾಜ, ವಾಷಿಂಗ್ಟನ್ ತಂಡದಲ್ಲಿ ಎರಡು ವರ್ಷಕ್ಕೆ 12 ಗೆಲುವು, 20 ಸೋಲು. ಅರ್ಬನ್ ಮೈಯರ್ 2021ರಲ್ಲಿ ಜಾಕ್ಸನ್‌ವಿಲ್‌ನಲ್ಲಿ 13 ಪಂದ್ಯಕ್ಕೇ ಮನೆಗೆ. ನಿಕ್ ಸೇಬನ್ ಮಯಾಮಿಯಲ್ಲಿ ಎರಡು ವರ್ಷ ಒದ್ದಾಡಿ 2007ರಲ್ಲಿ ಕಾಲೇಜಿಗೇ ಮರಳಿದರು, ಅಲಬಾಮಾದಲ್ಲಿ ಆರು ಸಲ ಕಾಲೇಜುಗಳ ರಾಷ್ಟ್ರೀಯ ಪಟ್ಟ ಗೆದ್ದರು. ಗೆದ್ದವರೂ ಇದ್ದಾರೆ. ಜಿಮ್ಮಿ ಜಾನ್ಸನ್ 1989ರಲ್ಲಿ ಡಲ್ಲಾಸ್‌ಗೆ ಹೋದ ವರ್ಷ 16ರಲ್ಲಿ ಒಂದೇ ಗೆಲುವು, ಆಮೇಲೆ ಎರಡು ಸೂಪರ್ ಬೌಲ್, ಅಂದರೆ ವೃತ್ತಿಪರ ಲೀಗಿನ ಫೈನಲ್ ಗೆಲುವು. ಅವರಿಗೆ ಆಟಗಾರರನ್ನು ಆರಿಸುವ ಕೈ ಇತ್ತು, ಮಾಲೀಕರಿಗೆ ತಾಳ್ಮೆ ಇತ್ತು. ಹೋದ ವರ್ಷ ಮಿಷಿಗನ್ ಕಾಲೇಜನ್ನು ಗೆಲ್ಲಿಸಿ ಹೋದ ಜಿಮ್ ಹಾರ್ಬಾ, 5 ಗೆಲುವು 12 ಸೋಲಿನಲ್ಲಿದ್ದ ಚಾರ್ಜರ್ಸ್ ತಂಡವನ್ನು 11-6ಕ್ಕೆ ತಂದರು. ಅವರು ಮಿಷಿಗನ್‌ನಿಂದ ಡಿಫೆನ್ಸ್ ಕೋಚನ್ನೂ ವ್ಯಾಯಾಮದ ಕೋಚನ್ನೂ ಕರೆದುಕೊಂಡೇ ಹೋದದ್ದು, ಮೊದಲು ಇಂಥ ಕೆಲಸ ಮಾಡಿ ಸೂಪರ್ ಬೌಲ್ ತಲುಪಿದ ಅನುಭವವೂ ಇತ್ತು. ಅವರೂ ಕಳೆದ ಶನಿವಾರ ಹ್ಯೂಸ್ಟನ್ ಕೈಲಿ 32-12ಕ್ಕೆ ಸೋತರು ಅನ್ನಿ.

ನಮ್ಮವರು ಬುದ್ಧಿವಂತರು, ಆದರೆ ಹ್ಯಾಶ್‌ಗೆ ಅಂಟಿಕೊಂಡವರು. ಎರಡು ವರ್ಷದಲ್ಲಿ ಯಾವುದಾದರೂ ಕಾಲೇಜಿಗೆ ವಾಪಸ್ ಬಂದರೆ ನನಗೇನೂ ಆಶ್ಚರ್ಯವಿಲ್ಲ.

ಹೊಸಬರು ಬರುವಾಗ ತಮ್ಮವರನ್ನು ಒಬ್ಬಿಬ್ಬರನ್ನು ತರುವುದು ಇಲ್ಲಿಯ ಪದ್ಧತಿ. ತರಲಿ. ಮಾರ್ಚ್‌ನಲ್ಲಿ 15 ದಿನದ ಅಭ್ಯಾಸ ಶುರುವಾಗುವುದರೊಳಗೆ ಹಳೆಯ ವಿಡಿಯೊ ಎಲ್ಲಿದೆ, ಯಾವ ಚೀಟಿಗೆ ಏನರ್ಥ ಎಂದು ಹೇಳಲು ನಾನೇ ಬೇಕು. ಕೆಲಸಕ್ಕೆ ಏನೂ ಆಗುವುದಿಲ್ಲ, ಖಂಡಿತ ಆಗುವುದಿಲ್ಲ. ಆದರೂ ಕೆಲಸ ಹೋದರೆ ಬೇರೆ ಹುಡುಕಿಕೊಳ್ಳಲು ಕಾನೂನಿನಲ್ಲಿ 60 ದಿನದವರೆಗೆ ಅವಕಾಶ ಇದೆ. ಈ ಸಾಲನ್ನು ಅಮ್ಮನಿಗೆ ಓದಿ ಹೇಳಬೇಡಿ, ಸುಮ್ಮನೆ ಲೆಕ್ಕಕ್ಕೆ ಬರೆದೆ. ನಾನು ಚೆನ್ನಾಗಿ ಉಣ್ಣುತ್ತಿದ್ದೇನೆ, ನಿದ್ದೆ ಬರುತ್ತಿದೆ, ಚಳಿಗೆ ಕೋಟು ಇದೆ, ಎರಡಿದೆ.

ಕಂತಿನ ದುಡ್ಡು 5ಕ್ಕೆ ಬರುತ್ತದೆ. ನಿಮ್ಮ ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಸುಮಾಳಿಗೆ ಬೇರೆ ಬರೆಯುತ್ತೇನೆ.

ಇಂತಿ ನಿಮ್ಮ ಮಗ