ಆ ಹೆಂಗಸನ್ನು ಎರಡು ನಿಮಿಷ ಹೊರಗೆ ಕೂರಿಸಲು ಆಗಲಿಲ್ಲವೇ?

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ನರ್ಸಿಂಗ್ ಹೋಮಿಗೆ ಬಂದು ಹೋಗಿದ್ದ ಬಾಲಕಿ 11 ದಿನಗಳ ನಂತರ ಮಾನವ ಕಳ್ಳಸಾಗಣೆ ಜಾಲದವರ ಮನೆಯಲ್ಲಿ ಸಿಕ್ಕ ಸುದ್ದಿ ನಿನ್ನೆಯ ಪತ್ರಿಕೆಯಲ್ಲಿ ಓದಿದೆ. 'ಕಾರ್ಡಿನಲ್ಲಿ ವಯಸ್ಸು 19 ಅಂತಿತ್ತು, ಸಂಶಯ ಬರಲಿಲ್ಲ' ಎಂದು ಡಾಕ್ಟರು ಹೇಳಿದ್ದಾರೆ. ಓದಿ ಮೈ ಉರಿಯಿತು. ಅವತ್ತು ನಾನು ಅಲ್ಲೇ ಇದ್ದೆ.

ಜ್ವರ ಬಂದ ಅಮ್ಮನನ್ನು ಕರೆದುಕೊಂಡು ಮೂರು ಗಂಟೆ ಕಾದಿದ್ದೆ. ಕುರ್ಚಿ ಇಲ್ಲ, ಅಮ್ಮ ಮೆಟ್ಟಿಲ ಮೇಲೆ ಕೂತಿದ್ದರು. ನಮಗಿಂತ ಮುಂದೆ ಆ ಹುಡುಗಿ ಇದ್ದಳು. ಬಾಗಿಲ ಬದಲು ಬರೀ ಪರದೆ, ಎಲ್ಲ ಕೇಳಿಸುತ್ತಿತ್ತು. ಹೊಟ್ಟೆನೋವು, ಬ್ಲೀಡಿಂಗು ನಿಂತಿಲ್ಲ ಅಂತ ಹೇಳಿದ್ದು ಜೊತೆಗಿದ್ದ ಹೆಂಗಸು. ಹೆಸರು ಕೇಳಿದರೂ ಅವಳೇ ಹೇಳಿದಳು. ಆಧಾರ್ ಕಾರ್ಡ್ ಅವಳ ಪರ್ಸಿನಲ್ಲೇ ಇತ್ತು. ಹೊರಗೆ ಬಂದ ಹುಡುಗಿ ಚಪ್ಪಲಿ ಹಾಕಿಕೊಳ್ಳುವುದಕ್ಕೂ ಆ ಹೆಂಗಸಿನ ಮುಖ ನೋಡಿದಳು. ಮಣಿಕಟ್ಟಿನ ಸುತ್ತ ಕಪ್ಪಗೆ ಗುರುತು. ನನಗೆ ಕಂಡಿದ್ದು ಡಾಕ್ಟರಿಗೆ ಕಾಣಲಿಲ್ವಾ?

ಪೋಕ್ಸೊ ಕಾಯ್ದೆ ಬಂದಿದ್ದು 2012ರಲ್ಲಿ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಾದರೆ, ನಡೆಯಬಹುದು ಎಂಬ ಆತಂಕ ಬಂದರೂ ಸಾಕು, ಪೊಲೀಸರಿಗೆ ತಿಳಿಸಲೇಬೇಕು ಅನ್ನುತ್ತದೆ ಅದರ 19ನೇ ಸೆಕ್ಷನ್. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲಾಗಬಹುದು. ರೋಗಿಯ ಗುಟ್ಟು ಕಾಪಾಡಬೇಕು ಎಂಬ ಮಾತನ್ನು ಇಲ್ಲಿ ತರಬೇಡಿ. ಕರೆತಂದವಳ ಎದುರೇ ಎಲ್ಲ ಕೇಳಿದ ಮೇಲೆ ಯಾವ ಗುಟ್ಟು ಉಳಿಯಿತು? ವಯಸ್ಸು 19 ಅಂತಲೇ ಇಟ್ಟುಕೊಳ್ಳಿ. ಸಾಗಣೆಯ ಕೇಸಿನಲ್ಲಿ 'ಅವಳೇ ಒಪ್ಪಿ ಬಂದಳು' ಅನ್ನುವುದಕ್ಕೆ ಬೆಲೆಯೇ ಇಲ್ಲ ಎಂದು ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಹೇಳುತ್ತದೆ. ಒಬ್ಬಳನ್ನೇ ಕೂರಿಸಿ, 'ಮನೆಗೆ ಹೋಗಬೇಕಾ ಮಗಾ' ಅಂತ ಕೇಳಬಹುದಿತ್ತು. ಮಹಿಳಾ ಸಹಾಯವಾಣಿಯ 181 ನಂಬರ್ ಹೇಳಬಹುದಿತ್ತು.

ರಿಸೆಪ್ಷನ್‌ನಲ್ಲಿ ಹೇಳಿದೆ. 'ಪೊಲೀಸು, ಕೋರ್ಟು ಅಂತ ಯಾರು ಅಲೆಯುತ್ತಾರೆ ಸರ್' ಅಂದರು. ಅಮ್ಮನನ್ನು ಆಟೊದಲ್ಲಿ ಕೂರಿಸಿಕೊಂಡೇ ಠಾಣೆಗೆ ಹೋದೆ. 'ಅದು ನಮ್ಮ ಲಿಮಿಟ್ಸ್ ಅಲ್ಲ' ಎಂದರು. ಎರಡು ವರ್ಷದ ಹಿಂದೆ ನನ್ನ ಸ್ಕೂಟರ್ ಕಳುವಾದಾಗಲೂ ಇದೇ ಮಾತು. ಯಾವ ಠಾಣೆಯಲ್ಲಾದರೂ ದೂರು ಬರೆದುಕೊಳ್ಳಬೇಕು ಅಂತ ಕಾನೂನೇ ಇದೆ. ಇದೇ ನರ್ಸಿಂಗ್ ಹೋಮ್ ಸೂಜಿ, ಬ್ಯಾಂಡೇಜು ಚರಂಡಿಗೆ ಹಾಕುತ್ತದೆ ಅಂತ ಆರೋಗ್ಯ ಇಲಾಖೆಗೆ ಎರಡು ಅರ್ಜಿ ಕೊಟ್ಟಿದ್ದೆ. ಯಾರೂ ಬಂದು ನೋಡಲಿಲ್ಲ.

ಆ ಡಾಕ್ಟರ ಮೇಲೆ ಕೇಸು ಹಾಕಬೇಕು. ಠಾಣೆಯವರನ್ನೂ ಬಿಡಬಾರದು. ಆರೋಗ್ಯ ಇಲಾಖೆಯವರು ಇನ್ನಾದರೂ ಕುರ್ಚಿ ಬಿಟ್ಟು ಎದ್ದು ಬರಲಿ. ಆ 11 ದಿನ ಆ ಮಗು ಪಟ್ಟ ಪಾಡಿಗೆ ಇವರಲ್ಲಿ ಯಾರು ಉತ್ತರ ಕೊಡುತ್ತಾರೆ?

– ನೊಂದ ಓದುಗ